ಕೊನೆಯ ಸಾಲು

ಸ್ಕ್ಯಾನಿಂಗ್ ಸೆಂಟರಿನ ಟೈಪಿಸ್ಟಮ್ಮನಿಗೆ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಗಿ ಆರು ತಿಂಗಳಾಗಿತ್ತು. ತನ್ನ ಸೆಂಟರಿನಲ್ಲೇ ಪುಕ್ಕಟೆಯಾಗಿ ಸ್ಕ್ಯಾನ್ ಮಾಡಿಸಿಕೊಂಡು ಡಾಕ್ಟರೊಬ್ಬರಿಗೆ ತೋರಿಸಿದ್ದಳು. ಅವರು ರಿಪೋರ್ಟಿನ ಕೊನೆಯ ಸಾಲನ್ನಷ್ಟೇ ನೋಡಿದರು. ‘ದೋಷವೇನೂ ಕಂಡುಬಂದಿಲ್ಲ’ ಎಂದಿತ್ತು. “ಎಲ್ಲಾ ಮನಸ್ಸಿಂದು ಕಣಮ್ಮ” ಎಂದು ಸಾಗಹಾಕಿದರು.

ಅಂದಿನಿಂದ ಅತ್ತೆಗೆ ಬಲ ಬಂದಿತ್ತು. ಸೊಸೆ ಹೊಟ್ಟೆ ಹಿಡಿದು ಕೂತಾಗಲೆಲ್ಲ, “ರಿಪೋರ್ಟಲ್ಲಿ ಇಲ್ಲದ ನೋವು ನಿನಗೆಲ್ಲಿಂದ ಬಂತೇ?” ಎನ್ನುವರು. ನೋವಿಗಿಂತ ಈ ಮಾತೇ ಹೆಚ್ಚು ಚುಚ್ಚುತ್ತಿತ್ತು. ವಾಸಿಯಾಗದಿದ್ದರೂ ಸರಿ, ಯಾರಾದರೂ ಒಬ್ಬರು ನಂಬಿದರೆ ಸಾಕು ಎನ್ನುವ ಸ್ಥಿತಿಗೆ ಪಾಪ ಬಂದುಬಿಟ್ಟಿದ್ದಳು.

ಇನ್ನೊಬ್ಬ ಡಾಕ್ಟರನ್ನು ಕೇಳೋಣವೆಂದು ಆ ಬೆಳಿಗ್ಗೆ ಗುಟ್ಟಾಗಿ ಹೊರಟರೆ, ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತದ್ದೇ ತಡ, ಸೊಸೆಯ ಕಿಬ್ಬೊಟ್ಟೆಯ ಪುರಾಣ ಬಿಚ್ಚಿದರು. ಬೆಂಚು ಸುಮ್ಮನಿರುತ್ತದೆಯೇ?

“ಕಲ್ಲಿರಬೇಕು” ಎಂದರು ಕೆಮ್ಮುತ್ತಿದ್ದ ಮೇಷ್ಟ್ರು.

“ಗಡ್ಡೆ ರೀ. ನಮ್ಮ ನಾದಿನಿಗೂ ಹೀಗೇ ಇತ್ತು” ಎಂದಳು ಪಕ್ಕದವಳು.

“ಈಗ ಹೇಗಿದಾರೆ?” ಟೈಪಿಸ್ಟಮ್ಮ ಕೇಳಿದಳು.

ಪಕ್ಕದವಳು ನಿಟ್ಟುಸಿರಿಟ್ಟು ಫ್ಯಾನಿನ ಕಡೆ ನೋಡಿದಳು. ಸರದಿ ಬರುವಷ್ಟರಲ್ಲಿ ಟೈಪಿಸ್ಟಮ್ಮನ ಪಾಲಿಗೆ ಏಳು ಕಾಯಿಲೆಗಳು ಬಂದಿದ್ದವು.

ಒಳಗೆ ವಯಸ್ಸಾದ ಡಾಕ್ಟರಮ್ಮ ರಿಪೋರ್ಟನ್ನು ಮೊದಲ ಸಾಲಿನಿಂದಲೇ ಓದತೊಡಗಿದರು. ನಡುವೆ ಅವರ ಬೆರಳು ನಿಂತಿತು.

“ಇದರಲ್ಲಿ ಗರ್ಭಕೋಶದ ಸುದ್ದಿನೇ ಇಲ್ಲ. ಪ್ರಾಸ್ಟೇಟ್ ಗ್ರಂಥಿ ಸರಿಯಾಗಿದೆ ಅಂತ ಇದೆ.”

“ಸದ್ಯ, ಅದಾದ್ರೂ ಸರಿಯಾಗಿದೆಯಲ್ಲ!” ಎಂದರು ಅತ್ತೆ.

“ಅದು ಗಂಡಸರಿಗೆ ಇರೋದು ಕಣ್ರೀ. ಯಾವ ಪುಣ್ಯಾತ್ಮ ಇದನ್ನ ಟೈಪ್ ಮಾಡಿದ್ದು?”

ನೆಲ ಬಾಯಿಬಿಡಬಾರದೇ ಅನ್ನಿಸಿತು ಟೈಪಿಸ್ಟಮ್ಮನಿಗೆ. ಸ್ಕ್ಯಾನ್ ಡಾಕ್ಟರು “ಮಾಮೂಲಿ” ಎಂದರೆ ಹಿಂದಿನ ರೋಗಿಯ ಹಾಳೆಯಲ್ಲೇ ಹೆಸರು, ವಯಸ್ಸು ಬದಲಿಸುವುದು ಸೆಂಟರಿನ ವಾಡಿಕೆ. ಅಂದು ನೋವಿನಲ್ಲೇ ತನ್ನ ರಿಪೋರ್ಟನ್ನು ತಾನೇ ಹೊಡೆದಿದ್ದಳು. ಹಿಂದಿನ ರೋಗಿ ಗಂಡಸು. ಡಾಕ್ಟರು ಓದದೆ ಸಹಿ ಹಾಕಿದ್ದರು.

“ಇವತ್ತೇ ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ” ಎಂದರು ಡಾಕ್ಟರಮ್ಮ.

ಮಧ್ಯಾಹ್ನ ಸೆಂಟರಿನಲ್ಲಿ ಸ್ಕ್ಯಾನ್ ಡಾಕ್ಟರು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಯಂತ್ರವನ್ನು ಅವಳ ಹೊಟ್ಟೆಯ ಮೇಲೆ ಎರಡು ಸುತ್ತು ಆಡಿಸಿದರು.

“ಮಾಮೂಲಿ. ನೀವೇ ಹೊಡ್ಕೊಳ್ಳಿ.”

“ಸರ್, ನಿಜವಾಗ್ಲೂ ನೋಯುತ್ತೆ.”

“ನೋಯೋದು ಇದರಲ್ಲಿ ಕಾಣಲ್ಲಮ್ಮ.”

ಈ ಸಲ ಅವಳು ಹುಡುಕಿ ಹೆಂಗಸರ ಹಾಳೆಯನ್ನೇ ತೆಗೆದಳು. ಜನ ಓದುವುದು ಕೊನೆಯ ಸಾಲನ್ನಷ್ಟೇ ಎಂಬುದು ನೆನಪಾಗಿ, ಅದನ್ನು ಅಳಿಸಿ ‘ರೋಗಿಗೆ ನೋವು ಇದೆ’ ಎಂದು ಹೊಡೆದಳು. ಡಾಕ್ಟರು ಓದದೆ ಸಹಿ ಹಾಕಿದರು.

ಹೊರಗೆ ಕಾಯುತ್ತಿದ್ದ ಅತ್ತೆ ಹಾಳೆ ಕಿತ್ತುಕೊಂಡು ನೇರ ಕೊನೆಯ ಸಾಲಿಗೆ ಹೋದರು. ಎರಡು ಸಲ ಓದಿದರು. ಅವರ ಕಣ್ಣು ತುಂಬಿ ಬಂತು.

“ಅಯ್ಯೋ, ನಿನಗೆ ನೋವಿದೆಯಂತಲ್ಲೇ! ಆರು ತಿಂಗಳಿಂದ ನನಗೊಂದು ಮಾತು ಹೇಳಬಾರದಾಗಿತ್ತಾ?”