ಮಾವ ಕೊಟ್ಟ ಕಾರು, ಅಳಿಯ ಕಾಯಿಸಿದ ಎಂಜಿನ್

ಮೆಕ್ಯಾನಿಕ್: ಮತ್ತೆ ಅದನ್ನೇ ಹೇಳ್ಬೇಡಿ ಸಾರ್. ಎಂಜಿನ್ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋದ್ಮೇಲೆ ಎಷ್ಟು ದೂರ ಓಡಿಸಿದ್ರಿ?

ಅಳಿಯ: ತಕ್ಷಣ ನಿಲ್ಲಿಸಿದೆ ಅಂದ್ನಲ್ಲ ಮೇಡಂ.

ಮೆಕ್ಯಾನಿಕ್: ತಕ್ಷಣ ಅಂದ್ರೆ?

ಅಳಿಯ: ಮನೆ ಬಂದ ತಕ್ಷಣ.

ಮೆಕ್ಯಾನಿಕ್: ಮನೆ ಎಷ್ಟು ದೂರ ಇತ್ತು?

ಅಳಿಯ: ಹತ್ರಾನೇ. ಎರಡು ಸಿಗ್ನಲ್ಲು. ಆಮೇಲೆ ಒಂದು ಸೇತುವೆ.

ಆಕೆ ಬಾನೆಟ್ ಎತ್ತಿದಳು. ನಾಲ್ಕು ತಿಂಗಳ ಹಿಂದೆ ಮಾವ ಕೈಯಾರೆ ಕೀಲಿ ಕೊಟ್ಟ ಕಾರು ಅದು. ನಿನ್ನೆ ಸಂಜೆ ಭುಸುಗುಟ್ಟುತ್ತ ಹಬೆ ಉಗುಳಿತ್ತು. ಗುಟ್ಟಾಗಿ ರಿಪೇರಿ ಮಾಡಿಸೋಣವೆಂದು ಅಳಿಯ ಬೆಳಗ್ಗೆ ಕಾರು ಎಳೆಸಿಕೊಂಡು ಬಂದರೆ, ಮಗಳಿಂದ ಸುದ್ದಿ ತಿಳಿದ ಮಾವ ಆಗಲೇ ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದರು. ಇವತ್ತು ನನ್ನ ಮಾನ ಮೂರು ಕಾಸಿಗೆ ಹೋಯಿತು ಎಂದುಕೊಂಡ ಅಳಿಯ. ಆದರೆ ಮಾವ ಬೈಯಲಿಲ್ಲ.

ಮಾವ: ಹೋಗ್ಲಿ ಬಿಡಮ್ಮ. ಪಾಪ, ಅವರನ್ನ ಪೊಲೀಸ್ನೋರ ಥರ ಯಾಕೆ ಕೇಳ್ತೀಯಾ? ನೀರು ಹಾಕಿ ಕಳಿಸು.

ಮೆಕ್ಯಾನಿಕ್: ಒಳಗೆ ಏನಾಗಿದೆ ಅಂತ ನೋಡೋದು ಬೇಡ್ವಾ?

ಮಾವ: ಒಳಗೆಲ್ಲ ಯಾಕೆ?

ಅಳಿಯ: ಹೌದು, ಯಾಕೆ?

ಮದುವೆಯಾಗಿ ಆರು ವರ್ಷದಲ್ಲಿ ಇವರಿಬ್ಬರ ಮಾತು ಒಂದಾದದ್ದು ಇದೇ ಮೊದಲು. ಆಕೆ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಆಯಿಲ್ ಕಡ್ಡಿ ಎಳೆದಳು.

ಮೆಕ್ಯಾನಿಕ್: ಕಾದು ಎಂಜಿನ್ ಒಳಗಿನ ಹೆಡ್ ಗ್ಯಾಸ್ಕೆಟ್ ಹೋಗಿದ್ರೆ ನೀರು ಆಯಿಲ್ಗೆ ಸೇರಿ ಹಾಲು ಹಾಕಿದ ಕಾಫಿ ಥರ ಆಗಿರುತ್ತೆ.

ಅಳಿಯ: (ಕಣ್ಣು ಮುಚ್ಚಿಕೊಂಡು) ಆಗಿದ್ಯಾ?

ಮೆಕ್ಯಾನಿಕ್: ಇಲ್ಲ.

ಮಾವ: (ಬೆಚ್ಚಿ) ಇಲ್ವಾ?

ಅಳಿಯ ಕಣ್ಣು ತೆರೆದ. ಮಾವನ ದನಿಯಲ್ಲಿ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚಿದ್ದಂತೆ ಕೇಳಿಸಿತು.

ಆಕೆ ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದೇ ಸಿಲಿಂಡರಿನ ಒತ್ತಡ ಅಳೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಅಂಕಿ ಬರೆದಳು. ಆಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದಳು. ಬೆರಳಿಗೆ ಕಂದು ಬಣ್ಣದ ಅಂಟು ಮೆತ್ತಿಕೊಂಡು ಬಂತು.

ಮೆಕ್ಯಾನಿಕ್: ಸೋರಿಕೆ ನಿಲ್ಲಿಸೋ ಪುಡಿ. ಹಳೇದು. ಯಾರು ಹಾಕಿದ್ದು?

ಅಳಿಯ: ಅಂಥದ್ದೊಂದು ಇದೆ ಅಂತಾನೇ ನಂಗೆ ಗೊತ್ತಿಲ್ಲ.

ಮಾವ ಸೂರಿನ ಕಡೆ ನೋಡಿದರು.

ಅಳಿಯ: ಮಾವ?

ಮಾವ: ಸ್ವಲ್ಪ ಹಾಕಿದ್ದೆ.

ಅಳಿಯ: ಸ್ವಲ್ಪ ಅಂದ್ರೆ?

ಮಾವ: ಐದು ಡಬ್ಬ. ದಿನಾ ನೀರು ಇಳೀತಿತ್ತು. ಎಂಜಿನ್ ಕಥೆ ಮುಗೀತು ಅಂದ್ಕೊಂಡೆ.

ಅಳಿಯ: ಅದಕ್ಕೇ ನಮಗೆ ಕೊಟ್ರಾ?

ಮಾವ: ಮತ್ತೆ? ಹೊರಗಿನವರಿಗೆ ಮೋಸ ಮಾಡೋಕಾಗುತ್ತಾ ಅಳಿಯಂದ್ರೇ?

ಅಳಿಯನಿಗೆ ಪಿತ್ತ ನೆತ್ತಿಗೇರಿತು. ಬಾಯಿ ತೆರೆದವನು, ಆ ಸೇತುವೆ ನೆನಪಾಗಿ ಮುಚ್ಚಿಕೊಂಡ.

ಮೆಕ್ಯಾನಿಕ್: ಜಗಳ ಮನೇಲಿ ಆಡಿ. ನೀರು ಸೋರ್ತಿದ್ದದ್ದು ಎಂಜಿನ್ನಲ್ಲಿ ಅಲ್ಲ, ಇಲ್ಲಿ. ಪೈಪಿನ ಕ್ಲಿಪ್ಪು ಸಡಿಲ. ನಿಮ್ಮ ಪುಡಿ ಅದನ್ನ ಬಿಟ್ಟು ರೇಡಿಯೇಟರ್ನಲ್ಲಿ ಕಟ್ಟಿಕೊಳ್ತು. ಕಾರು ಕಾದಿದ್ದು ಅದಕ್ಕೇ.

ಅಳಿಯ: ಮತ್ತೆ ಎಂಜಿನ್ನು?

ಮೆಕ್ಯಾನಿಕ್: ನಾಲ್ಕೂ ಸಿಲಿಂಡರ್ ಒತ್ತಡ ಸರಿಯಾಗಿದೆ. ನಿಮ್ಮಲ್ಲಿ ಒಬ್ಬರ ಕೈಗೆ ಸಿಕ್ಕಿದ್ರೇ ಉಳಿಯೋದು ಕಷ್ಟ, ಇದು ಇಬ್ಬರ ಕೈಗೂ ಸಿಕ್ಕಿ ಬದುಕಿದೆ. ರೇಡಿಯೇಟರ್ ಬದಲಾಯಿಸಿದ್ರೆ ಇನ್ನೂ ಹತ್ತು ವರ್ಷ ಓಡುತ್ತೆ.

ಮಾವ ಬೆಂಚಿನಿಂದ ಎದ್ದು ಬಂದು, ಕರವಸ್ತ್ರದಿಂದ ಬಾನೆಟ್ಟಿನ ಅಂಚು ಒರೆಸಿದರು.

ಮಾವ: ಇದರಿಂದ ನಿಮಗೆ ತುಂಬಾ ತೊಂದರೆ ಆಯ್ತು ಅಳಿಯಂದ್ರೇ. ಬೇಕಿದ್ರೆ ನಾನೇ ವಾಪಸ್ ತಗೊಂಡ್ಹೋಗ್ತೀನಿ.

ಅಳಿಯ ಕೀಲಿಯನ್ನು ಜೇಬಿಗೆ ಇಳಿಸಿದ.

ಅಳಿಯ: ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ ಮಾವ. ಕಾರಿಗೂ ಅದೇ ಮಾತು.