ಕಡಲಂಚಿನ ಬಾಂದಗಲ್ಲು

ಕಡಲ ಬಂಡೆ ನಿಜಕ್ಕೂ ಹೀಗೆ ನೆಟ್ಟಗೆ ನಿಂತಿರುತ್ತದೆಯೇ, ಅಥವಾ ತಾನು ಬರೆದದ್ದು ಗೋಡೆಯಂತಾಯಿತೇ? ನೋಡಿದ್ದರೆ ತಾನೇ ಗೊತ್ತಾಗುವುದು. ಫಕೀರೇಶ ಸಮುದ್ರ ಕಂಡವನಲ್ಲ. ತಿರ್ಲಾಪುರದ ಸುತ್ತ ಕಣ್ಣು ಹಾಯುವವರೆಗೂ ಎರೆಭೂಮಿ, ರೊಟ್ಟಿ ಹಂಚಿನಷ್ಟು ಸಪಾಟು. ಎತ್ತರವೆಂದರೆ ಹಳ್ಳ ಕೊರೆದ ದಂಡೆ ಮಾತ್ರ. ಅದನ್ನೇ ನೋಡಿ, ಕೆಳಗೆ ನೀಲಿ ನೀರು, ಮೇಲೊಂದು ಒಂಟಿ ಗಿಡ ಇಟ್ಟು ಬಂಡೆ ಬರೆದಿದ್ದ. ಚಿತ್ರಕಲೆಯ ಪದವಿ ಪಡೆದು ಮನೆಯಲ್ಲಿ ಕುಳಿತವನ ಚಿತ್ರ ಆರಿಸಲು ಇಂದು ಧಾರವಾಡದ ಕಲಾ ಗ್ಯಾಲರಿಯಿಂದ ಅಮೃತಾ ಮೇಡಂ ಬರುವವರಿದ್ದರು. ಒಪ್ಪಿದರೆ ಅವನ ಮೊದಲ ಪ್ರದರ್ಶನ.

ಬಣ್ಣ ಆರಲೆಂದು ಕಟ್ಟೆಯ ಮೇಲಿಟ್ಟದ್ದೇ ತಪ್ಪಾಯಿತು. ಪಕ್ಕದ ಮನೆಯ ಮೈಲಾರಪ್ಪ ಬಂದು ನಿಂತ.

"ಹಳ್ಳದ ದಂಡಿ ಚಲೋ ಬರದಿ ಬಿಡಪಾ. ಕುಸಿದ ನನ್ನ ಹೊಲ ಅಲ್ಲೇನು ಇದು?"

"ಸಮುದ್ರರಿ ಕಾಕಾ."

"ನೀರು ಬಂದಾಗ ನಮ್ಮ ಹಳ್ಳ ಏನ್ ಕಮ್ಮಿ ಇರತೈತಿ? ಶಂಕ್ರಪ್ಪಾ, ಬಾ ಇಲ್ಲೆ. ಬದುವಿನ ಜಾಲಿಗಿಡ ಯಾರ ಕಡೆ ಇತ್ತು, ಕಣ್ಣಾರೆ ನೋಡು."

ಶಂಕ್ರಪ್ಪನದು ಬಾಜೂ ಹೊಲ. ನಡುವಿನ ಬದುವನ್ನು ಹಳ್ಳ ನುಂಗಿದ ಮೇಲೆ ಇಬ್ಬರಿಗೂ ಜಗಳವೊಂದೇ ಉಳಿದಿತ್ತು. ಅವನು ಚಿತ್ರಕ್ಕೆ ಮೂಗು ತಾಗಿಸಿ ನೋಡಿದ.

"ಓದಿದಾಂವ ನೀ. ಇಂವನ ಕಡೆ ಸಾಕ್ಷಿ ಹೇಳ್ತೀಯೇನ್ಲೇ? ಗಿಡ ಇಲ್ಲಿತ್ತು."

ಹೆಬ್ಬೆರಳಿನಿಂದ ಹಸಿ ಬಣ್ಣದ ಗಿಡವನ್ನು ಎಡಕ್ಕೆಳೆದ. ಮೈಲಾರಪ್ಪ ಅಂಗೈಯಿಂದ ಬಲಕ್ಕೆ ತಂದ. ಗಿಡ ಎಮ್ಮೆಯ ಬಾಲದಂತೆ ಅತ್ತಿತ್ತ ಆಡಿ ಆಕಾಶಕ್ಕೆಲ್ಲ ಹಸಿರು ಬಳಿಯಿತು. ಫಕೀರೇಶ ಅಡ್ಡ ಬಂದರೆ, "ನೀ ಸುಮ್ಕಿರು, ಇದು ಹೊಲದ ಮಾತು" ಎಂದರು. ಕೊನೆಗೆ ಸುಸ್ತಾಗಿ, ನಟ್ಟನಡುವೆ ಗಡಿಯ ಗುರುತಿಗೆ ಒಂದು ಬಾಂದಗಲ್ಲು ಇಡುವುದೆಂದು ಒಪ್ಪಿಕೊಂಡರು. ಶಂಕ್ರಪ್ಪನೇ ಕುಂಚ ಕಸಿದು ಬಂಡೆಯ ತುದಿಗೆ ಬಿಳಿ ಕಲ್ಲು ನೆಟ್ಟ.

ಅಷ್ಟರಲ್ಲಿ ಅಮೃತಾ ಬಂದರು. ಬಗ್ಗಿ ಬಂಡೆಯ ತುದಿಯ ಬಿಳಿ ಕಲ್ಲನ್ನು ನೋಡಿದರು. ಫಕೀರೇಶ ನೆಲ ನೋಡುತ್ತಿದ್ದ.

"ಕಡಲ ಬಂಡೆ ಎಲ್ಲಾರೂ ಬರೀತಾರ್ರಿ. ಕೊಚ್ಚಿಹೋಗೋ ನೆಲದ ತುದಿಗೆ ಬಾಂದಗಲ್ಲು ಯಾರೂ ಇಟ್ಟಿಲ್ಲ. ಇದನ್ನ ಈಗ ಒಯ್ತೀನಿ."

"ಒಯ್ಯಾಕ ಬರೂದಿಲ್ರಿ ಮೇಡಂ," ಎಂದ ಮೈಲಾರಪ್ಪ.

"ಸರ್ವೇದವರು ಬರೂತನಾ ಇದು ಊರಾಗ ಇರಬೇಕ್ರಿ," ಎಂದ ಶಂಕ್ರಪ್ಪ.

ವರ್ಷಗಳ ಜಗಳದ ನಂತರ ಇಬ್ಬರೂ ಈಗ ಒಂದಾಗಿದ್ದರು. ಒಬ್ಬರಿಗೊಬ್ಬರ ಮೇಲೆ ನಂಬಿಕೆ ಸಾಲದೆ, ಆಚೀಚೆ ಹಿಡಿದು ಚಿತ್ರವನ್ನು ಚಾವಡಿಗೆ ಹೊತ್ತೊಯ್ದು ಬೀಗ ಹಾಕಿಸಿದರು.

ಅಮೃತಾ ಕಾರಿನ ಬಾಗಿಲು ತೆಗೆದರು. "ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮಗ ಆ ಕಲ್ಲು ಹೊಳೆದದ್ದು ಸಣ್ಣ ಮಾತಲ್ಲ. ಹಂಥಾದ್ದು ಇನ್ನೊಂದು ಬರೀರಿ, ಮುಂದಿನ ವರ್ಷ ನೋಡೂಣು."

ಫಕೀರೇಶ ತಲೆಯಾಡಿಸಿದ. ಆ ಕಲ್ಲು ತನ್ನದಲ್ಲವೆಂದು ಅವರಿಗೆ ಹೇಳಲಿಲ್ಲ.