ಡೊಳ್ಳಿನ ತಂಡಕ್ಕೆ ನಾನು ತಾಂತ್ರಿಕ ನಿರ್ದೇಶಕನಾದದ್ದು

ನನ್ನ ಹೆಂಡತಿ ರೇಣುಕಾ ಡೊಳ್ಳು ಬಾರಿಸುತ್ತಾಳೆ. ಭದ್ರಾವತಿಯ ನಮ್ಮ ಬೀದಿಯ ಎಂಟು ಹೆಂಗಸರು ಸೇರಿ ಕಟ್ಟಿಕೊಂಡ ತಂಡ ಅದು. ದೆಹಲಿಯ ಉತ್ಸವವೊಂದಕ್ಕೆ ಹೋಗುವ ಅವಕಾಶ ಬಂದಿತ್ತು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕುಳಿತ ಆಯ್ಕೆ ಸಮಿತಿ ಒಪ್ಪಬೇಕು, ಅಷ್ಟೇ. ಎದುರಿಗೆ ಬಂದು ಬಾರಿಸಿದರೂ ಸರಿ, ವೀಡಿಯೊ ಕರೆಯಲ್ಲಿ ತೋರಿಸಿದರೂ ಸರಿ ಎಂದಿದ್ದರು.

“ಡೊಳ್ಳು ಬಸ್ಸಿಗೆ ಹಾಕ್ಕೊಂಡು ಹೋಗಿ ಬಾರಿಸಿ ಬರ್ತೀವಿ. ಮುಕ್ಕಾಲು ಗಂಟೆ ದಾರಿ” ಎಂದಳು ರೇಣುಕಾ.

“ಯಾವ ಕಾಲದಲ್ಲಿದೀಯ ಮಾರಾಯ್ತಿ? ಜಾನಪದಕ್ಕೆ ತಂತ್ರಜ್ಞಾನ ಸೇರಬೇಕು. ನಾನಿಲ್ವಾ!” ಎಂದೆ.

ಹೀಗೆ, ಯಾರೂ ನೇಮಿಸದೆಯೇ ನಾನು ತಂಡದ ತಾಂತ್ರಿಕ ನಿರ್ದೇಶಕನಾದೆ. ಬಂಧುಬಳಗದ ಲಗ್ನಪತ್ರಿಕೆಗಳನ್ನೆಲ್ಲ ವಾಟ್ಸಾಪಿನಲ್ಲಿ ತಪ್ಪದೆ ಫಾರ್ವರ್ಡ್ ಮಾಡಿದ ಅನುಭವ ನನಗಿತ್ತು. ಹೊಸ ಆ್ಯಪ್ ಹಾಕಿದೆ. ನಡುವೆ ಸೊಪ್ಪಿನ ಗಾಡಿಯ ಹಾರ್ನ್ ಕೇಳಿ ಕಾರ್ಯಕ್ರಮ ಕೆಡಬಾರದೆಂದು, ಮನುಷ್ಯರ ಮಾತನ್ನಷ್ಟೇ ಉಳಿಸಿ ಬೇರೆ ಗದ್ದಲವನ್ನೆಲ್ಲ ಅಳಿಸುವ ಗುಂಡಿಯನ್ನೂ ಒತ್ತಿಟ್ಟೆ. ಎಂಥ ಮುಂದಾಲೋಚನೆ!

ಆ ದಿನ ತಾರಸಿಯ ಮೇಲೆ ಡೊಳ್ಳುಗಳನ್ನು ಬಿಸಿಲಿಗಿಟ್ಟು, ಪೂಜೆ ಮಾಡಿ, ಅರಿಸಿನದ ಭಂಡಾರ ಹಚ್ಚಿದರು. ಡೊಳ್ಳಿಗೆ ಹಚ್ಚಿದ ಮೇಲೆ ಫೋನು ಮಾಡಿದ ಪಾಪವೇನು? ಅದಕ್ಕೂ ಭಕ್ತಿಯಿಂದ ಹಚ್ಚಿದೆ. ಕರೆ ಕೂಡಿತು.

“ಬರೀ ಹಳದಿ ಕಾಣ್ತಿದೆಯಲ್ರೀ, ಸಾಸಿವೆ ಹೊಲ ತೋರಿಸ್ತಿದೀರಾ?” ಎಂದರು ಸಮಿತಿಯ ಮೇಷ್ಟ್ರು.

ಪಂಚೆಯ ತುದಿಯಿಂದ ಕ್ಯಾಮೆರಾ ಒರೆಸಿದೆ. ಹೆಂಗಸರು ಬಾರಿಸತೊಡಗಿದರು. ತಾರಸಿ ನಡುಗಿತು. ತೆಂಗಿನಮರದ ಕಾಗೆಗಳು ಊರು ಬಿಟ್ಟವು.

“ಕುಣಿತ ಚೆನ್ನಾಗಿದೆ. ಬಾರಿಸೋದು ಯಾವಾಗ?” ಮೇಷ್ಟ್ರು ಕೇಳಿದರು.

“ಇನ್ನೂ ಜೋರಾಗಿ!” ಎಂದು ನಾನು ಕೂಗಿದೆ. ಅವರು ಮೈಯ ಬಲವನ್ನೆಲ್ಲ ಹಾಕಿ ಬಾರಿಸಿದರು.

“ಡೊಳ್ಳು ಕೇಳ್ತಾನೇ ಇಲ್ಲ. ‘ಸೊಂಟ ನೋವಾದ್ರೆ ಹೇಳು ರೇಣು’ ಅಂತ ನೀವು ಪಿಸುಗುಟ್ಟಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸ್ತು!”

ಆಗ ನನಗೆ ಗುಂಡಿಯ ನೆನಪಾಯಿತು. ಫೋನಿನ ಪ್ರಕಾರ ಡೊಳ್ಳೂ ಗದ್ದಲವೇ! ಗಾಬರಿಯಲ್ಲಿ ಆ ಗುಂಡಿ ಹುಡುಕಿದರೆ ಸಿಗಲೊಲ್ಲದು. ಒಮ್ಮೆ ಫೋನಿನ ತೆರೆಯಲ್ಲಿ ನನ್ನ ತಲೆಗೆ ಬೆಕ್ಕಿನ ಕಿವಿ ಬಂತು. ಇನ್ನೊಮ್ಮೆ ತಂಡದ ಹಿಂದೆ ಸಮುದ್ರ ಬಂತು. “ಇನ್ನೈದು ನಿಮಿಷ ನೋಡ್ತೀವಿ, ಆಮೇಲೆ ಬೇರೆ ತಂಡ” ಎಂದರು ಮೇಷ್ಟ್ರು. ರೇಣುಕಾ ಬೈಯಲಿಲ್ಲ. ಬೆವರೊರೆಸಿಕೊಂಡು ಡೊಳ್ಳಿನ ಹಗ್ಗ ಬಿಗಿ ಮಾಡಿಕೊಂಡಳು. ಹುಟ್ಟಿದಾಗಿನಿಂದ ರೈಲು ಹತ್ತದ, ತಂಡದ ರತ್ನಕ್ಕ ದೆಹಲಿಗೆಂದು ಸ್ವೆಟರ್ ಹೆಣೆಯುತ್ತಿದ್ದದ್ದು ನನಗೆ ಗೊತ್ತಿತ್ತು. ನಿಜವಾಗಿಯೂ ನನಗೆ ಅಳು ಬಂತು.

ಅಷ್ಟರಲ್ಲಿ ಪಕ್ಕದ ಮನೆಯ ಮುರುಗೇಶಣ್ಣ ಮೆಟ್ಟಿಲು ಹತ್ತಿ ಬಂದರು, ಕೈಯಲ್ಲಿ ಒಡೆದ ಗೋಡೆ ಗಡಿಯಾರ.

“ಏನ್ ಸಾರ್ ಇದು! ಡೊಳ್ಳು ಬಾರಿಸ್ತೀರೋ ಮನೆ ಕೆಡವ್ತೀರೋ? ನೋಡಿ, ಗಡಿಯಾರ ಮೊಳೆ ಸಮೇತ ಬಿತ್ತು! ನಮ್ಮತ್ತೆಗೆ ಕಿವಿ ಕೇಳಲ್ಲ, ಅವರೂ ಎದ್ದು ಕೂತವ್ರೆ!”

ಮಾತಲ್ಲವೇ? ಫೋನು ಒಂದಕ್ಷರವನ್ನೂ ಬಿಡದೆ ದುರ್ಗಿಗುಡಿಗೆ ಮುಟ್ಟಿಸಿತು. ಸಮಿತಿಯವರೆಲ್ಲ ಬಿದ್ದು ಬಿದ್ದು ನಕ್ಕರು.

“ಆ ಗಡಿಯಾರ ನೋಡಿದ ಮೇಲೆ ನಿಮ್ಮನ್ನ ಬಿಡೋಕೆ ಮನಸ್ಸಿಲ್ಲಮ್ಮ. ಸಂಜೆಯೊಳಗೆ ಇಲ್ಲಿಗೇ ಬಂದುಬಿಡಿ” ಎಂದರು ಮೇಷ್ಟ್ರು.

ಡೊಳ್ಳು ಬಸ್ಸು ಹತ್ತಿದವು. ದುರ್ಗಿಗುಡಿಯಲ್ಲಿ ಅವರು ಬಾರಿಸಿದ್ದನ್ನು ನಾನು ಹೊರಗೆ ಬೀದಿಯಲ್ಲಿ ನಿಂತೇ ಕೇಳಿದೆ, ಮೈ ಜುಮ್ಮೆಂದಿತು. ತಂಡ ಆಯ್ಕೆಯಾಯಿತು!

ಮನೆಗೆ ಬಂದು ಮೆಲ್ಲಗೆ ಕೇಳಿದೆ: “ದೆಹಲಿಗೆ ನಾನೂ ಬರಲಾ?”

“ಬರ್ಲೇಬೇಕು ರೀ, ನೀವಿಲ್ದೆ ಆಗೋದೇ ಇಲ್ಲ” ಎಂದಳು ರೇಣುಕಾ. ನನ್ನ ಎದೆ ಉಬ್ಬಿತು. “ಬರಿಗಾಲಲ್ಲಿ ಕುಣೀತೀವಲ್ಲ, ಚಪ್ಪಲಿ ನೋಡ್ಕೊಳ್ಳೋಕೆ ನಂಬಿಕಸ್ಥರು ಒಬ್ರು ಬೇಕು.”

ದೆಹಲಿಯಲ್ಲಿ ಎಂಟು ಜೊತೆ ಚಪ್ಪಲಿ ಕಾದೆ. ಒಂದೂ ಕಳೆಯಲಿಲ್ಲ!